ಗೋಮಾಳ ಬೋಳಲ್ಲ, ಗುಂಡಿ ತೋಡಬೇಡಿ

ಪತ್ರ: ನಮ್ಮೂರಿನ 40 ಎಕರೆ ಗೋಮಾಳ ಬೋಳು ಬಿದ್ದಿದೆ. ಈ ಮಳೆಗಾಲ ಯುವಕ ಸಂಘದಿಂದ 4,000 ಸಸಿ ನೆಟ್ಟು ಕಾಡು ಬೆಳೆಸಿ, ವನ್ಯಜೀವಿಗಳನ್ನು ಮರಳಿ ಕರೆತರಬೇಕೆಂದಿದ್ದೇವೆ. ಸಸಿ ಕೊಡಿಸುವಂತೆ ದಾನಿಗಳಿಗೆ ಪತ್ರಿಕೆಯಲ್ಲಿ ಮನವಿ ಪ್ರಕಟಿಸಿ.
– ಓದುಗರೊಬ್ಬರು, ಹಿರಿಯೂರು ತಾಲ್ಲೂಕು

ಸಂಪಾದಕರ ಉತ್ತರ: ಗುದ್ದಲಿ ಹಿಡಿದು ನಿಲ್ಲುವ ಹುಡುಗರು ಎಲ್ಲ ಊರಿಗೂ ಸಿಗುವುದಿಲ್ಲ, ನಿಮ್ಮ ಸಂಘದ ಹುಮ್ಮಸ್ಸಿಗೆ ಶಹಭಾಸ್. ಶಾಲೆಯ ಅಂಗಳಕ್ಕೆ, ರಸ್ತೆ ಬದಿಗೆ ಮರ ಬೇಕೇ ಬೇಕು. ಆದರೆ ಗೋಮಾಳಕ್ಕಾಗಿ ಮನವಿ ಪ್ರಕಟಿಸಲಾರೆವು. ವನ್ಯಜೀವಿಗಳನ್ನು ಕರೆತರುತ್ತೇವೆ ಎಂದಿದ್ದೀರಿ. ಅಲ್ಲಿ ಈಗ ಯಾರಿದ್ದಾರೆಂದು ನೋಡಿದ್ದೀರಾ?

ಟಿಟ್ಟಿಭ ಹಕ್ಕಿಯ ಗೂಡೆಂದರೆ ಬಯಲಿನಲ್ಲೊಂದು ಅಂಗೈಯಗಲದ ತಗ್ಗು, ಸುತ್ತ ಒಂದಿಷ್ಟು ಹರಳುಕಲ್ಲು, ಆಡಿನ ಹಿಕ್ಕೆ. ಒಳಗೆ ಸಾಮಾನ್ಯವಾಗಿ ನಾಲ್ಕು ಮೊಟ್ಟೆ, ಚೂಪು ತುದಿಗಳೆಲ್ಲ ನಡುವಿಗೆ. ಮಣ್ಣಿನದೇ ಬಣ್ಣ, ಕಾಲ ಬುಡದಲ್ಲಿದ್ದರೂ ಕಾಣುವುದಿಲ್ಲ. ಒಂದೂವರೆ ಅಡಿ ಗುಂಡಿ ತೋಡಲು ಹೋದವರು ತುಳಿಯುವುದು ಇವನ್ನೇ. ನೆಲಗುಬ್ಬಿ, ಗೌಜಲಹಕ್ಕಿಗಳ ಸಂಸಾರವೂ ನೆಲದ ಮೇಲೆಯೇ. ಚಳಿಗಾಲಕ್ಕೆ ಮಧ್ಯ ಏಷ್ಯಾದಿಂದ ಬರುವ ಸೆಳೆವ ಎಂಬ ಬೇಟೆಹಕ್ಕಿಗಳು (ಹ್ಯಾರಿಯರ್) ರಾತ್ರಿ ಹುಲ್ಲಿನ ನಡುವೆ ನೆಲದಲ್ಲಿ ತಂಗುತ್ತವೆ, ಹಗಲು ಮಿಡತೆ ಹಿಡಿಯುತ್ತವೆ. ಕೃಷ್ಣಮೃಗಕ್ಕೆ ದೂರದಿಂದಲೇ ತೋಳ ಕಾಣಬೇಕು, ಓಡಲು ಬಯಲಿರಬೇಕು. ಬರಿ ನೆಲದಲ್ಲಿ ಒಂದೇ ಮೊಟ್ಟೆ ಇಡುವ ಎರೆಭೂತ ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಇಡೀ ದೇಶದ ಬಯಲುಗಳಲ್ಲಿ ಉಳಿದಿರುವುದು ಸುಮಾರು 150 ಮಾತ್ರ.

ಇಲ್ಲಿ ಮರ ಬೆಳೆಸಿದರೆ ಕಾಗೆಗೆ ಕೂರಲು ಕೊಂಬೆ ಸಿಕ್ಕಿತು. ಮೇಲಿನಿಂದ ಗೂಡು ಹುಡುಕುವುದು ಅದಕ್ಕೆ ಸಲೀಸು. ನೆರಳು ಬಿದ್ದಲ್ಲಿ ಬಿಸಿಲಿನ ಹುಲ್ಲು ಸೊರಗುತ್ತದೆ. ಅಗೆದ ಮಣ್ಣಿಗೆ ಮೊದಲು ನುಗ್ಗುವುದು ಪಾರ್ಥೇನಿಯಂ, ಬಳ್ಳಾರಿ ಜಾಲಿ. ಆ ಜಾಲಿಯನ್ನೂ ಒಂದು ಕಾಲದಲ್ಲಿ ಬರಡು ನೆಲ ಹಸಿರು ಮಾಡಲೆಂದೇ ತಂದು ಹಬ್ಬಿಸಿದ್ದು! ಕೃಷ್ಣಮೃಗಕ್ಕೆಂದು 1974ರಲ್ಲಿ ಘೋಷಿಸಿದ 119 ಚದರ ಕಿ.ಮೀ.ಯ ರಾಣೆಬೆನ್ನೂರು ಅಭಯಾರಣ್ಯದಲ್ಲಿ ಎಷ್ಟು ದೂರ ನೀಲಗಿರಿ ತೋಪೇ ಇದೆ, ಒಮ್ಮೆ ಹೋಗಿ ನೋಡಿ ಬನ್ನಿ.

ಕೆಲಸ ಬೇಕೆಂದರೆ ಧಾರಾಳವಾಗಿದೆ. ಮೊದಲು ಅಲ್ಲಿ ಏನೇನಿದೆಯೆಂದು ಪಟ್ಟಿ ಮಾಡಿ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಹುಲ್ಲು ತೆನೆ ಬಿಟ್ಟಾಗ ನಾಲ್ಕು ಕೋಲು ಕಟ್ಟಿ ಒಂದು ಮೀಟರ್ ಚೌಕ ಮಾಡಿಕೊಳ್ಳಿ. ನೇರ ಗೆರೆಯಲ್ಲಿ 25 ಹೆಜ್ಜೆಗೊಮ್ಮೆ ಅದನ್ನು ನೆಲಕ್ಕಿಟ್ಟು, ಒಳಗೆ ಯಾವ ಹುಲ್ಲು, ಯಾವ ಗಿಡ, ಎಷ್ಟು ಭಾಗ ಬರಿಮಣ್ಣು ಎಂದು ಬರೆಯಿರಿ. ಹುಲುಸಾಗಿ ಕಂಡ ಕಡೆಯೇ ಚೌಕ ಇಡುವ ಚಪಲ ಬೇಡ, ಲೆಕ್ಕ ಕೆಡುವುದು ಅಲ್ಲೇ. ಗುರುತು ಸಿಗದ ಹುಲ್ಲನ್ನು ತೆನೆ, ಬೇರು ಸಮೇತ ಕಿತ್ತು ಹಳೆ ಪತ್ರಿಕೆಯ ನಡುವೆ ಒತ್ತಿಡಿ. ಮೊದಲ ವಾರ ದಿನವೂ ಕಾಗದ ಬದಲಿಸದಿದ್ದರೆ ಬೂಷ್ಟು ಹಿಡಿಯುತ್ತದೆ. ಗೂಡು ಕಂಡರೆ ಫೋಟೋಕ್ಕೆಂದು ಸುತ್ತುವರಿಯಬೇಡಿ. ನಿಮ್ಮನ್ನು ನೋಡಿಯೇ ಕಾಗೆ ಅಲ್ಲಿಗೆ ಇಳಿಯುತ್ತದೆ.

ಬಳ್ಳಾರಿ ಜಾಲಿ ಇದ್ದರೆ ಕಾಯಿ ಮಾಗುವ ಮೊದಲೇ ತೆಗೆಯಿರಿ. ದನ, ಆಡು ತಿಂದ ಬೀಜ ಸಗಣಿ, ಹಿಕ್ಕೆಯಲ್ಲಿ ಬಿದ್ದು ಮೊಳೆಯುತ್ತದೆ. ಬುಡ ಕಡಿದರೆ ಹತ್ತು ಕವಲು ಬರುತ್ತದೆ. ನೆಲದಿಂದ ಒಂದಡಿ ಆಳಕ್ಕೆ ಅಗೆದು ಬೊಡ್ಡೆಯನ್ನೇ ಕೀಳಬೇಕು. ಗೋಮಾಳವನ್ನು ನಾಲ್ಕು ಪಾಲು ಮಾಡಿ, ವರ್ಷಕ್ಕೊಂದು ಪಾಲಿಗೆ ಮುಂಗಾರಿನಿಂದ ಬೀಜ ಉದುರುವವರೆಗೆ ದನ ಬಿಡಬೇಡಿ. ಕುರಿಗಾಹಿಗಳನ್ನು ಕೂರಿಸಿಕೊಂಡು ಮಾತಾಡದೆ ಇದು ಆಗದು. ಮೇಯಿಸುವುದನ್ನು ಪೂರ್ತಿ ನಿಲ್ಲಿಸುವುದೂ ತಪ್ಪು, ಪೊದೆ ಬೆಳೆದುಕೊಳ್ಳುತ್ತದೆ.

ನಿಮ್ಮೊಬ್ಬರ ಮೇಲೆ ಸಿಟ್ಟಲ್ಲ. 1950ರಲ್ಲಿ ವನಮಹೋತ್ಸವ ಶುರುವಾದಂದಿನಿಂದ ನಮಗೆ ಹಸಿರೆಂದರೆ ಮರ. ಕಂದಾಯ ದಾಖಲೆಯಲ್ಲಿ ಖರಾಬು (ಸಾಗುವಳಿಗೆ ಬಾರದ ನೆಲ), ಕೇಂದ್ರದ ನಕಾಶೆಯಲ್ಲಿ ಪಾಳುಭೂಮಿ ಎಂದು ಬರೆದ ಮೇಲೆ ಯಾರು ಕೇಳಿದರೂ ಕೊಡಬಹುದು. ಚಳ್ಳಕೆರೆ ನಿಮಗೆ ದೂರವಲ್ಲ; ಅಮೃತಮಹಲ್ ತಳಿಯ ದನಗಳಿಗೆಂದು ಮೀಸಲಿದ್ದ ಹುಲ್ಲುಗಾವಲಿನ (ಕಾವಲು) ಸಾವಿರಾರು ಎಕರೆ ರಕ್ಷಣಾ, ಅಣು, ಬಾಹ್ಯಾಕಾಶ ಸಂಸ್ಥೆಗಳ ಪಾಲಾದದ್ದು ನಿಮ್ಮ ಕಣ್ಣೆದುರಿಗೇ. ದನ ಮೇಯಿಸುತ್ತಿದ್ದವರು ಗೋಡೆಯ ಹೊರಗೆ ನಿಂತರು. ಮರ ಕಡಿದರೆ ಧರಣಿ ಕೂರುವ ನಾವು ಹುಲ್ಲು ಹೋದಾಗ ಬಾಯಿಬಿಡಲಿಲ್ಲ. ನೆಟ್ಟ ಲಕ್ಷ ಸಸಿಗೆ ಸನ್ಮಾನ ಮಾಡುತ್ತೇವೆ, ಮೂರು ವರ್ಷದ ಮೇಲೆ ಉಳಿದವೆಷ್ಟೆಂದು ಎಣಿಸುವವರು ಅಪರೂಪ.

2002ರ ಜೀವವೈವಿಧ್ಯ ಕಾಯ್ದೆಯಂತೆ ನಿಮ್ಮ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಜೀವವೈವಿಧ್ಯದ ಜನತಾ ದಾಖಲಾತಿ ಬರೆಸಬೇಕು. ಗೋಮಾಳದ ಹುಲ್ಲು, ಹಕ್ಕಿ, ಮೃಗಗಳನ್ನು ಊರಿನವರು ಕರೆಯುವ ಹೆಸರಿನಲ್ಲೇ ಅದರಲ್ಲಿ ಸೇರಿಸಿ. ನಾಳೆ ಯಾರಾದರೂ ಖಾಲಿ ಜಾಗವೆಂದು ಅರ್ಜಿ ಹಾಕಿದರೆ ಗ್ರಾಮಸಭೆಯಲ್ಲಿ ತೆರೆದಿಡಲು ಒಂದು ಪುಸ್ತಕವಿರಲಿ. ಪಟ್ಟಿಯ ಒಂದು ಪ್ರತಿ ನಮಗೂ ಕಳಿಸಿ, ಅದನ್ನು ಪೂರ್ತಿ ಅಚ್ಚು ಹಾಕುತ್ತೇವೆ.