ಓದುಗರ ಪ್ರಶ್ನೆ: ‘ಆಳು’ ಎಂಬ ಮಾತಿನಿಂದ ಒಂದು ಸ್ಪ್ಯಾನಿಷ್ ಪ್ರಬಂಧ

ಪ್ರಶ್ನೆ: ನಾನು ಮೂಡಿಗೆರೆ ಸಮೀಪದ ಹಳ್ಳಿಯವಳು, ಪದವಿ ತರಗತಿಯಲ್ಲಿ ಸ್ಪ್ಯಾನಿಷ್ ಓದುತ್ತಿದ್ದೇನೆ. ವಲಸಿಗರ ಬದುಕನ್ನು ಕುರಿತ ‘ಎಲ್ ನೋರ್ತೆ’ ಚಿತ್ರದ ಮೇಲೆ ಪ್ರಬಂಧ ಬರೆಯಲು ಹೇಳಿದ್ದರು. ಮೊದಲು ಇಂಗ್ಲಿಷಿನಲ್ಲಿ ಬರೆದು ಸ್ಪ್ಯಾನಿಷ್‌ಗೆ ತಿರುಗಿಸಿ ಕೊಟ್ಟೆ. ಇದು ಬರೀ ಕಥೆಯ ಸಾರಾಂಶ, ವಾಕ್ಯಗಳಲ್ಲಿ ಜೀವವಿಲ್ಲ ಎಂದು ಅಧ್ಯಾಪಕರು ಹಿಂದಿರುಗಿಸಿದ್ದಾರೆ. ನಮ್ಮದು ನಾಲ್ಕು ಎಕರೆ ಕಾಫಿ ತೋಟದ ಮನೆ. ಗಡಿ ದಾಟಿದವರ ಕಷ್ಟ ನನಗೇನು ಗೊತ್ತು? ಎಲ್ಲಿಂದ ಆರಂಭಿಸಲಿ?

ಉತ್ತರ: ನಿಮ್ಮ ತೋಟದಿಂದಲೇ ಆರಂಭಿಸಿ. ಗ್ರೆಗೊರಿ ನಾವಾ ನಿರ್ದೇಶಿಸಿ 1983ರಲ್ಲಿ ಹೊರಬಂದ ಈ ಚಿತ್ರದ ಮೊದಲ ಭಾಗ ನಡೆಯುವುದು ಗ್ವಾಟೆಮಾಲಾದ ಕಾಫಿ ತೋಟಗಳ ನಡುವಿನ ಹಳ್ಳಿಯಲ್ಲಿ. ಕೂಲಿಗಾರರನ್ನು ಸಂಘಟಿಸಲು ಹೊರಟ ಮಾಯಾ ಜನಾಂಗದ ಅರ್ತೂರೊ, ಧಣಿಗಳ ಕಣ್ಣಿಗೆ ಬಡವನೆಂದರೆ ದುಡಿಯುವ ತೋಳುಗಳು ಮಾತ್ರ ಎಂಬರ್ಥದ ಮಾತನ್ನು ಮಗ ಎನ್ರೀಕೆಗೆ ಹೇಳುತ್ತಾನೆ. ಸೈನಿಕರು ಅವನನ್ನು ಕೊಂದು ಅವನ ಹೆಂಡತಿಯನ್ನು ಹಿಡಿದೊಯ್ದ ಮೇಲೆ, ಎನ್ರೀಕೆ ಮತ್ತು ಅವನ ತಂಗಿ ರೋಸಾ ಮೆಕ್ಸಿಕೊ ಹಾದು, ತಿಹುವಾನಾದ ಬಳಿ ಇಲಿಗಳು ತುಂಬಿದ ಚರಂಡಿ ಕೊಳವೆಯೊಳಗೆ ತೆವಳಿಕೊಂಡು ಅಮೆರಿಕ ಸೇರುತ್ತಾರೆ. ಆ ಇಲಿಗಳಿಂದ ತಗುಲಿದ ಟೈಫಸ್ ಜ್ವರಕ್ಕೆ ರೋಸಾ ಬಲಿಯಾಗುತ್ತಾಳೆ. ಕೊನೆಗೆ ದಿನಗೂಲಿಯವರ ಗುಂಪಿನಲ್ಲಿ ನಿಂತ ಎನ್ರೀಕೆ, ತನ್ನ ತೋಳುಗಳು ಗಟ್ಟಿಯಾಗಿವೆ ಎಂದು ತಾನೇ ಕೂಗುತ್ತಾನೆ. ತಂದೆ ನೊಂದು ಆಡಿದ ಮಾತನ್ನು ಮಗ ಅಂದಿನ ಕೂಲಿಗಾಗಿ ಕೂಗಿ ಹೇಳಬೇಕಾಗಿ ಬಂದದ್ದು ನನ್ನನ್ನು ಇಂದಿಗೂ ಕಾಡುತ್ತದೆ. ಎರಡು ಗಂಟೆಗೂ ಮೀರಿದ ಕಥೆಯನ್ನೆಲ್ಲ ಹೇಳಲು ಹೋಗದೆ, ಈ ಎರಡು ದೃಶ್ಯಗಳನ್ನು ಹಿಡಿದುಕೊಳ್ಳಿ.

ತೋಳಿಗೆ ಸ್ಪ್ಯಾನಿಷ್‌ನಲ್ಲಿ ‘ಬ್ರಾಸೊ’ ಎನ್ನುತ್ತಾರೆ. ಅದರಿಂದ ಹುಟ್ಟಿದ ‘ಬ್ರಾಸೇರೊ’ ಎಂದರೆ ತೋಳ್ಬಲದಿಂದ ದುಡಿಯುವವನು. 1942ರಿಂದ 1964ರವರೆಗೆ ಮೆಕ್ಸಿಕೊದ ಲಕ್ಷಾಂತರ ಕೂಲಿಗಾರರನ್ನು ಅಮೆರಿಕದ ಹೊಲಗಳಿಗೆ ಕರೆಸಿಕೊಂಡ ಸರ್ಕಾರಿ ಯೋಜನೆಗೂ ಅದೇ ಹೆಸರಿತ್ತು. ಈಗ ನಿಮ್ಮೂರಿನ ಮಾತಿಗೆ ಕಿವಿಗೊಡಿ. ಕುಯ್ಲಿನ ದಿನಗಳಲ್ಲಿ ತೋಟದವರು ಕೇಳುವುದು ‘ಇವತ್ತು ಎಷ್ಟು ಆಳು ಬಂದಿವೆ?’ ಎಂದು, ‘ಬಂದಿದ್ದಾರೆ’ ಎಂದು ಕೇಳುವವರು ಕಡಿಮೆ. ಬಾಳೆಹೊನ್ನೂರಿನ ಕಡೆಯ ತೋಟವೊಂದರಲ್ಲಿ ಒಂದು ಸಂಜೆ, ಅಸ್ಸಾಂನಿಂದ ಬಂದ ಹೆಂಗಸೊಬ್ಬಳು ತನ್ನ ಹಣ್ಣಿನ ಚೀಲವನ್ನು ತೂಕಕ್ಕೆ ಇಟ್ಟು, ರೈಟರ್ ಪುಸ್ತಕದಲ್ಲಿ ಕಿಲೋ ಬರೆದು ಮುಗಿಸುವವರೆಗೂ ತಕ್ಕಡಿಯ ಮುಳ್ಳಿನಿಂದ ಕಣ್ಣು ಕೀಳದೆ ನಿಂತಿದ್ದನ್ನು ನೋಡಿದ್ದೇನೆ. ಅವಳ ಹೆಸರೇನೆಂದು ಕೇಳಿದೆ. ರೈಟರ್ ಪುಸ್ತಕ ತಿರುವಿ ನೋಡಬೇಕಾಯಿತು. ಇಂಥದ್ದನ್ನು ನೀವೂ ಕಂಡಿರುತ್ತೀರಿ. ‘ಆಳು’ ಮತ್ತು ‘ಬ್ರಾಸೊ’ಗಳನ್ನು ಅಕ್ಕಪಕ್ಕ ಇಟ್ಟು ಬರೆಯಬಲ್ಲವರು ನಿಮ್ಮ ತರಗತಿಯಲ್ಲಿ ಎಷ್ಟು ಜನ ಇದ್ದಾರು?

ಆದರೆ ಹೋಲಿಕೆಯನ್ನು ಅತಿಯಾಗಿ ಎಳೆಯಬೇಡಿ. ಗ್ವಾಟೆಮಾಲಾದಲ್ಲಿ 1960ರಿಂದ 1996ರವರೆಗೆ ನಡೆದ ಅಂತರ್ಯುದ್ಧದಲ್ಲಿ 2 ಲಕ್ಷಕ್ಕೂ ಹೆಚ್ಚು ಜನರು ಸತ್ತರು ಅಥವಾ ಕಾಣೆಯಾದರು. ಗುರುತು ಸಿಕ್ಕವರಲ್ಲಿ ನೂರಕ್ಕೆ 83 ಮಂದಿ ಮಾಯಾ ಜನರೆಂದು 1999ರಲ್ಲಿ ಸತ್ಯಶೋಧನಾ ಆಯೋಗ ಹೇಳಿತು. ದುಡಿಮೆ ಹುಡುಕಿ ತಮ್ಮ ದೇಶದೊಳಗೇ ಬಂದವರಿಗೂ ಸೈನ್ಯದಿಂದ ಜೀವ ಉಳಿಸಿಕೊಳ್ಳಲು ಓಡಿದವರಿಗೂ ಇರುವ ಅಂತರವನ್ನು ಒಂದು ವಾಕ್ಯದಲ್ಲಾದರೂ ಬರೆಯಲೇಬೇಕು.

ಇನ್ನು ಭಾಷೆಯ ವಿಷಯ. ಇಂಗ್ಲಿಷನ್ನು ನಡುವೆ ತಂದದ್ದೇ ತೊಡಕಿಗೆ ಕಾರಣವೆಂದು ನನಗೆ ತೋರುತ್ತದೆ, ಏಕೆಂದರೆ ಹಲವು ಕಡೆ ಕನ್ನಡವೇ ಸ್ಪ್ಯಾನಿಷ್‌ಗೆ ಹೆಚ್ಚು ಹತ್ತಿರವಿದೆ. ‘ಮೆ ಗುಸ್ತೋ ಲಾ ಪೆಲಿಕುಲಾ’ ಎಂಬ ವಾಕ್ಯದ ಕಟ್ಟು ‘ನನಗೆ ಚಿತ್ರ ಇಷ್ಟವಾಯಿತು’ ಎಂಬುದರ ಕಟ್ಟೇ ಆಗಿದೆ. ಇಷ್ಟವಾದದ್ದು ಚಿತ್ರ, ಆದದ್ದು ನನಗೆ. ‘ನೋಡಿದೆನು’ ಎಂದಾಗ ‘ನಾನು’ ಎಂಬುದು ಕ್ರಿಯಾಪದದೊಳಗೇ ಇರುವಂತೆ ಸ್ಪ್ಯಾನಿಷ್‌ನಲ್ಲೂ ಇರುತ್ತದೆಯಾದ್ದರಿಂದ, ಪ್ರತಿ ವಾಕ್ಯಕ್ಕೂ ‘ಯೊ’ ಹಚ್ಚುವ ಅಗತ್ಯವಿಲ್ಲ. ಎಲ್ಲರನ್ನೂ ಕಂಗೆಡಿಸುವ ಎರಡು ಭೂತಕಾಲಗಳೂ ಹಾಗೆಯೇ: ಅರ್ತೂರೊ ತೋಟದಲ್ಲಿ ‘ದುಡಿಯುತ್ತಿದ್ದನು’ ಎನ್ನುವಲ್ಲಿ ‘ತ್ರಾಬಾಹಾಬಾ’, ಸೈನಿಕರು ಅವನನ್ನು ‘ಕೊಂದರು’ ಎನ್ನುವಲ್ಲಿ ‘ಮಾತಾರೋನ್’. ‘ಉತ್ತಿದ್ದ’ ಬರುವ ಬಹುಪಾಲು ಕಡೆ ಮೊದಲನೆಯದೇ ಸರಿಹೋಗುತ್ತದೆ. ಅಭ್ಯಾಸಕ್ಕೆ ಒಂದು ದೃಶ್ಯ ಸೂಚಿಸುತ್ತೇನೆ. ಲಾಸ್ ಏಂಜಲೀಸಿನ ಶ್ರೀಮಂತರ ಮನೆಯಲ್ಲಿ ಬಟ್ಟೆ ಒಗೆಯುವ ಯಂತ್ರದ ಗುಂಡಿಗಳು ಅರ್ಥವಾಗದೆ, ರೋಸಾ ಬಟ್ಟೆಗಳನ್ನೆಲ್ಲ ಕೈಯಲ್ಲೇ ಒಗೆದು, ನಾವು ಕಣದಲ್ಲಿ ಕಾಫಿ ಹರವುವಂತೆ ಹುಲ್ಲುಹಾಸಿನ ಮೇಲೆ ಹರವುತ್ತಾಳೆ. ಅದನ್ನು ಐದಾರು ವಾಕ್ಯಗಳಲ್ಲಿ, ಇಂಗ್ಲಿಷಿನ ನೆರವಿಲ್ಲದೆ ಬರೆದು ನೋಡಿ.

ಪ್ರಶ್ನೆ: ಹಾಸನದಲ್ಲಿರುವ ನನ್ನ ಮಗ ಇದೇ ಬಗೆಯ ಪ್ರಬಂಧದಲ್ಲಿ ವಲಸಿಗರನ್ನು ‘ಇಲೆಗಾಲ್’ ಎಂದು ಬರೆದಿದ್ದಾನೆ. ಅದು ಸರಿಯೇ?

ಉತ್ತರ: ಬೇಡವೆಂದೇ ಹೇಳುತ್ತೇನೆ. ಕಾನೂನುಬಾಹಿರ ಎಂಬುದು ಕೃತ್ಯಕ್ಕೆ ಒಪ್ಪುವ ಮಾತು, ಮನುಷ್ಯನಿಗೆ ಒಪ್ಪುವುದಿಲ್ಲ. ದಾಖಲೆಪತ್ರವಿಲ್ಲದವನು ಎಂಬರ್ಥದ ‘ಇಂದೋಕುಮೆಂತಾದೊ’ ಎಂಬ ಪದ ಬಳಕೆಯಲ್ಲಿದೆ. ಕನ್ನಡದ ‘ವಲಸಿಗ’ ಒಂದೇ ಪದವಾದರೂ, ಸ್ಪ್ಯಾನಿಷ್‌ನಲ್ಲಿ ಊರು ಬಿಟ್ಟು ಹೊರಟವರ ಕಡೆಯಿಂದ ನೋಡಿದರೆ ‘ಎಮಿಗ್ರಾಂತೆ’, ಬಂದು ಸೇರಿದ ನಾಡಿನ ಕಡೆಯಿಂದ ನೋಡಿದರೆ ‘ಇನ್ಮಿಗ್ರಾಂತೆ’. ಎನ್ರೀಕೆ, ರೋಸಾ ಕೊಲೆಗೆ ಹೆದರಿ ಓಡಿದವರಾದ್ದರಿಂದ ಅವರನ್ನು ‘ರೆಫುಹಿಯಾದೊ’, ಅಂದರೆ ನಿರಾಶ್ರಿತರು, ಎಂದು ಕರೆಯುವುದೇ ನ್ಯಾಯವೆಂದು ನನ್ನ ಭಾವನೆ. ನಿಮ್ಮ ಮಗನೂ ಒಪ್ಪಿದರೆ, ಆ ಪದವನ್ನು ಏಕೆ ಆರಿಸಿಕೊಂಡೆನೆಂದು ಪ್ರಬಂಧದಲ್ಲೇ ಒಂದು ವಾಕ್ಯ ಸೇರಿಸಲಿ.