ನಡುರಾತ್ರಿ ಬರುವ ಕರೆಂಟು

ಮಳವಳ್ಳಿ ತಾಲ್ಲೂಕಿನ ರೈತರೊಬ್ಬರು ಬರೆದಿದ್ದಾರೆ: ‘ಇಂಧನ ನೀತಿಯ ಬಗ್ಗೆ ನಿಮ್ಮ ಲೇಖನ ಓದಿದೆ. ಬರೀ ಮೆಗಾವಾಟ್ ಲೆಕ್ಕ. ಮೈಸೂರು ಸೀಮೆಯ ಕರೆಂಟು ಹುಟ್ಟಿದ್ದೇ ನಮ್ಮ ಶಿವನಸಮುದ್ರದ ಪವರ್ ಹೌಸ್ ಇರುವ ಬ್ಲಫ್‌ನಲ್ಲಿ. ನನ್ನ ಐದು ಎಚ್‌ಪಿ ಮೋಟಾರು ಓಡಲು ಬೇಕಾದ ತ್ರೀ ಫೇಸ್ ಕರೆಂಟು ಬರುವುದು ನಡುರಾತ್ರಿ. ನೀತಿ ಅಂದರೆ ಏನಿರಬೇಕು, ನೀವೇ ಹೇಳಿ.’

ಸ್ವಾಮಿ, ನಿಮ್ಮ ಸಂಕಟ ನ್ಯಾಯವಾದದ್ದು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು 147 ಕಿಲೋಮೀಟರ್ ತಂತಿಯ ಮೇಲೆ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿತು. ಹುಟ್ಟಿದ ಊರಿನ ಗದ್ದೆಯ ಸರದಿ ಬಂದದ್ದು ಬಹಳ ತಡವಾಗಿ. ಯಾರಿಗೆ ಮೊದಲು ಎಂಬ ಆ ಪ್ರಶ್ನೆ ಈಗಲೂ ಇದೆ. ಅದರ ಜೊತೆಗೆ ಯಾವ ಹೊತ್ತಿಗೆ ಎಂಬುದೂ ಸೇರಿಕೊಂಡಿದೆ.

ನನ್ನ ಮಟ್ಟಿಗೆ ನೀತಿಯ ಮೊದಲ ಮಾತು ಹೊತ್ತಿನದೇ. ಪಾವಗಡದಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ಇದೆ. ಬಿಸಿಲಿನ ಕರೆಂಟು ಹಗಲಲ್ಲೇ ಹುಟ್ಟುತ್ತದೆ, ಕೂಡಿಡುವುದು ದುಬಾರಿ. ಹಗಲು ಹೇರಳವಾಗಿ ಇರುವುದನ್ನು ಹಗಲೇ ಪಂಪ್‌ಸೆಟ್ಟಿಗೆ ಕೊಟ್ಟರೆ ರೈತ ಟಾರ್ಚು ಹಿಡಿದು ಹಾವು, ಚಿರತೆಗಳ ನಡುವೆ ಗದ್ದೆಗೆ ಹೋಗಬೇಕಾಗಿಲ್ಲ. ಸಬ್‌ಸ್ಟೇಷನ್ ಪಕ್ಕದಲ್ಲೇ ಸಣ್ಣ ಸೌರ ಘಟಕ ಹಾಕಿ, ಕೃಷಿ ಫೀಡರ್ (ಪಂಪ್‌ಸೆಟ್ಟುಗಳಿಗೆ ಕರೆಂಟು ಒಯ್ಯುವ ಲೈನು) ಬೇರೆ ಮಾಡಿ, ಅದರಿಂದಲೇ ಪಂಪು ಓಡಿಸುವ ಏರ್ಪಾಡು ಕೇಂದ್ರ ಸರ್ಕಾರದ ಸೌರ ಪಂಪು ಯೋಜನೆಯಾದ ಕುಸುಮ್‌ನಲ್ಲಿದೆ. ದೂರದಿಂದ ತರುವಾಗ ತಂತಿಯಲ್ಲಿ ಸೋರುವ ಕರೆಂಟೂ ಉಳಿತಾಯವಾಗುತ್ತದೆ. ಮಂಡ್ಯ, ಮೈಸೂರು ಜಿಲ್ಲೆಗಳಿಗೆ ಇದಕ್ಕಿಂತ ತುರ್ತಾದ ಕೆಲಸ ನನಗೆ ಕಾಣುವುದಿಲ್ಲ.

ಇನ್ನೊಂದು ಮಾತು ನಿಮಗೆ ರುಚಿಸದಿರಬಹುದು. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್ ಸರಿ, ಮೀಟರ್ ಇಲ್ಲದಿರುವುದು ಸರಿಯಲ್ಲ. ದುಡ್ಡು ಕೇಳುವುದಕ್ಕಲ್ಲ, ಲೆಕ್ಕಕ್ಕೆ. ಅಳತೆಯಿಲ್ಲದ ಕಡೆ ತಂತಿಯಲ್ಲಿ ಸೋರಿದ್ದು, ಕದ್ದದ್ದು ಎಲ್ಲವನ್ನೂ ರೈತನ ತಲೆಗೆ ಕಟ್ಟುವುದು ಸುಲಭ. ಸಬ್ಸಿಡಿ ಹಣವನ್ನು ಸರ್ಕಾರ ವಿದ್ಯುತ್ ಕಂಪನಿಗೆ ಮುಂಗಡವಾಗಿ ಕೊಡಬೇಕೆಂದು 2003ರ ವಿದ್ಯುತ್ ಕಾಯ್ದೆಯೇ ಹೇಳುತ್ತದೆ. ಅಳೆಯದ ಯೂನಿಟ್ಟಿಗೆ ಎಷ್ಟೆಂದು ಕೊಡುವುದು? ಆ ಹಣ ತಡವಾದರೆ ಸುಟ್ಟ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಬದಲಾಯಿಸುವುದೂ ತಡವಾಗುತ್ತದೆ. ಆಟೋ ಸ್ಟಾರ್ಟರ್ ಹಾಕಿ ಮಲಗುವವರು ಬಹಳ ಜನ. ಕರೆಂಟು ಬಂದ ಕ್ಷಣ ಇಡೀ ಲೈನಿನ ಮೋಟಾರುಗಳು ಒಟ್ಟಿಗೇ ಎದ್ದು ವೋಲ್ಟೇಜ್ ಬೀಳುತ್ತದೆ, ಕಾಯಿಲ್ ಸುಡುತ್ತದೆ. ಹಗಲಲ್ಲಿ ಖಚಿತವಾಗಿ ಸಿಗುವುದಾದರೆ ಆಟೋ ಸ್ಟಾರ್ಟರಿನ ಹಂಗೇ ಬೇಡ.

ಇನ್ನು ಸೌರ ಘಟಕಕ್ಕೆ ಬೇಕಾದ ಜಮೀನಿನ ವಿಷಯ. ಪಾವಗಡದಲ್ಲಿ ರೈತರ ಭೂಮಿ ಕೊಳ್ಳಲಿಲ್ಲ, ವರ್ಷವರ್ಷವೂ ಹಣ ಕೊಡುವ ದೀರ್ಘ ಗುತ್ತಿಗೆಗೆ ಪಡೆದರು. ಒಡೆತನ ಉಳಿಯಿತು. ನಮ್ಮಲ್ಲಿಯೂ ಹಾಗೇ ಆಗಲಿ, ಅದೂ ನೀರಾವರಿ ಭೂಮಿ ಬಿಟ್ಟು ಬೋರೆಯ ಮೇಲೆ. ಆದರೆ ಪಾವಗಡದ ಆ ಹೊಲಗಳಲ್ಲಿ ಕೂಲಿಗೆ ಹೋಗುತ್ತಿದ್ದ, ಸ್ವಂತ ಜಮೀನಿಲ್ಲದವರಿಗೆ ಗುತ್ತಿಗೆ ಹಣದಲ್ಲಿ ಪಾಲಿಲ್ಲ. ಅವರನ್ನು ಮರೆತ ನೀತಿಯನ್ನು ನಾನು ಒಪ್ಪಲಾರೆ.

ನಿಮ್ಮಲ್ಲಿ ಒಂದು ಬೇಡಿಕೆ. ಹದಿನೈದು ದಿನ ತ್ರೀ ಫೇಸ್ ಬಂದ ಹೊತ್ತು, ಹೋದ ಹೊತ್ತು ಬರೆದಿಟ್ಟು ಕಳಿಸಿ. ಅಕ್ಕಪಕ್ಕದ ಊರಿನವರಿಗೂ ಹೇಳಿ. ಬಂದಷ್ಟನ್ನೂ ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ.

– ಸಂಪಾದಕ, ಮೈಸೂರು