ಅಭಿಮಾನಿಯೂ ವಿಮರ್ಶೆ ಬರೆಯಬಹುದೇ?

ಬೇಸಿಗೆಯ ದೊಡ್ಡ ಸರಣಿ ಚಿತ್ರಗಳ ಬಗ್ಗೆ, ಅದರಲ್ಲೂ ಅವುಗಳ ವಿಮರ್ಶೆಯ ಬಗ್ಗೆ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಓದುಗರಿಂದ ಹಲವು ಪತ್ರಗಳು ಬಂದಿವೆ. ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಸರ್, ನಾನು ಚಿತ್ರದುರ್ಗದಲ್ಲಿ ಪದವಿ ಓದುತ್ತಿದ್ದೇನೆ. ಹೈಸ್ಕೂಲಿನಿಂದಲೂ ಸೂಪರ್‌ಹೀರೋ ಚಿತ್ರಗಳನ್ನು ಒಂದೂ ಬಿಡದೆ ನೋಡುತ್ತ ಬಂದಿದ್ದೇನೆ. ಕಾಲೇಜಿನ ಭಿತ್ತಿಪತ್ರಿಕೆಗೆ ಅವುಗಳ ವಿಮರ್ಶೆ ಬರೆದರೆ, ‘ನೀನು ಅಭಿಮಾನಿ, ನಿನ್ನ ಮಾತನ್ನು ನಂಬುವುದು ಹೇಗೆ?’ ಎಂದು ಗೆಳೆಯರು ಕೇಳುತ್ತಾರೆ. ಅಭಿಮಾನವನ್ನು ಬದಿಗಿಟ್ಟು ಬರೆಯಬೇಕೇ?

ಉತ್ತರ: ಬದಿಗಿಡಬೇಕಾಗಿಲ್ಲ. ಹಿಂದೂಸ್ತಾನಿ ಸಂಗೀತದ ಕಛೇರಿಯ ಬಗ್ಗೆ ಆ ಸಂಗೀತವನ್ನು ಕೇಳಿ ಬೆಳೆದವರೇ ಬರೆಯಬೇಕೆಂದು ಒಪ್ಪುವ ನಾವು, ಸರಣಿ ಚಿತ್ರಗಳ ವಿಷಯ ಬಂದಾಗ ಮಾತ್ರ ಅವುಗಳನ್ನು ಇಷ್ಟಪಡುವವರ ಮಾತನ್ನು ಅನುಮಾನಿಸುವುದು ನ್ಯಾಯವಲ್ಲ. 2019ರ ಏಪ್ರಿಲ್ 26ರಂದು ತೆರೆಕಂಡ ‘ಅವೆಂಜರ್ಸ್: ಎಂಡ್‌ಗೇಮ್’ ಚಿತ್ರವನ್ನೇ ನೋಡಿ. 2008ರ ‘ಐರನ್ ಮ್ಯಾನ್’ನಿಂದ ಆರಂಭವಾದ ಸರಣಿಯಲ್ಲಿ ಅದು 22ನೆಯದು. ಹೆಸರುಗಳ ಪಟ್ಟಿ ಮುಗಿದ ಮೇಲೆ ಮುಂದಿನ ಚಿತ್ರದ ಸುಳಿವು ಕೊಡುವ ತುಣುಕೊಂದನ್ನು ತೋರಿಸುವುದು ಆ ಸರಣಿಯ ವಾಡಿಕೆ. ‘ಎಂಡ್‌ಗೇಮ್’ನಲ್ಲಿ ಅಂಥ ತುಣುಕಿಲ್ಲ, ಕಬ್ಬಿಣ ಬಡಿಯುವ ಸದ್ದು ಮಾತ್ರ ಕೇಳಿಸುತ್ತದೆ. ಮೊದಲ ಚಿತ್ರದಲ್ಲಿ ಗುಹೆಯೊಳಗೆ ಸೆರೆಯಾಗಿದ್ದ ನಾಯಕ ಟೋನಿ ಸ್ಟಾರ್ಕ್ ತನ್ನ ಮೊದಲ ಕವಚವನ್ನು ಬಡಿದು ರೂಪಿಸಿದಾಗಿನ ಸದ್ದು ಅದು. ಹನ್ನೊಂದು ವರ್ಷಗಳ ಕಥೆಯನ್ನು ಅದು ಆರಂಭವಾದ ಜಾಗಕ್ಕೇ ಕೊಂಡೊಯ್ದು ಮುಗಿಸಿದ್ದಾರೆಂಬುದನ್ನು, ಎಲ್ಲವನ್ನೂ ನೋಡಿದ ನಿಮ್ಮಂಥವರು ಬರೆಯದೆ ಹೋದರೆ ಓದುಗರಿಗೆ ತಿಳಿಸುವವರು ಯಾರು?

ಅಭಿಮಾನಿಗೆ ತೊಡಕಾಗುವುದು ಬೇರೆ ಕಡೆ. ಹಳೆಯ ಪಾತ್ರವೊಂದು ಇದ್ದಕ್ಕಿದ್ದಂತೆ ತೆರೆಯ ಮೇಲೆ ಬಂದಾಗ ಚಿತ್ರಮಂದಿರದಲ್ಲಿ ಶಿಳ್ಳೆ, ಚಪ್ಪಾಳೆ ಏಳುತ್ತವೆ, ನಮ್ಮ ಮೈಯೂ ಜುಮ್ಮೆನ್ನುತ್ತದೆ. ಪರಿಚಿತ ಮುಖ ಕಂಡ ಆ ಸಂತೋಷವನ್ನೇ ಚಿತ್ರದ ಗುಣವೆಂದು ಬರೆದುಬಿಡುವ ಸಾಧ್ಯತೆ ಇರುವುದು ಅಲ್ಲಿಯೇ. ಆದ್ದರಿಂದ ಮರಳಿ ಬಂದ ಪಾತ್ರವನ್ನು ಚಿತ್ರ ಯಾವ ಕೆಲಸಕ್ಕೆ ಬಳಸಿಕೊಂಡಿದೆ ಎಂದು ಕೇಳಿಕೊಳ್ಳಿ. 2021ರ ‘ಸ್ಪೈಡರ್‌ಮ್ಯಾನ್: ನೋ ವೇ ಹೋಮ್’ ಬಿಡುಗಡೆಯಾದದ್ದು ಡಿಸೆಂಬರಿನಲ್ಲಿ, ಆದರೂ ಇದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಹಿಂದಿನ ಸರಣಿಯೊಂದರಲ್ಲಿ ಆ ಪಾತ್ರ ಮಾಡಿದ್ದ ನಟ ಆಂಡ್ರ್ಯೂ ಗಾರ್ಫೀಲ್ಡ್‌ನ ಸ್ಪೈಡರ್‌ಮ್ಯಾನ್ 2014ರ ತನ್ನ ಚಿತ್ರದಲ್ಲಿ ಎತ್ತರದಿಂದ ಬೀಳುತ್ತಿದ್ದ ಪ್ರಿಯತಮೆಯನ್ನು ಉಳಿಸಿಕೊಳ್ಳಲಾಗದೆ ಹೋಗಿದ್ದ. ಏಳು ವರ್ಷಗಳ ನಂತರ, ಬೇರೆ ಬೇರೆ ಲೋಕಗಳ ಸ್ಪೈಡರ್‌ಮ್ಯಾನ್‌ಗಳು ಒಟ್ಟು ಸೇರುವ ಈ ಚಿತ್ರದಲ್ಲಿ, ಇನ್ನೊಬ್ಬ ಸ್ಪೈಡರ್‌ಮ್ಯಾನ್‌ನ ಗೆಳತಿ ಹಾಗೆಯೇ ಬೀಳುವಾಗ ಆತ ಜಿಗಿದು ಹಿಡಿಯುತ್ತಾನೆ. ನೆಲಕ್ಕಿಳಿಸಿದ ಮೇಲೆ ಅವನ ಕಣ್ಣು ತುಂಬಿ ಬರುತ್ತದೆ. ಹಳೆಯ ಪಾತ್ರದ ಮರಳುವಿಕೆಗೆ ಅಲ್ಲೊಂದು ಕಾರಣವಿದೆ, ಆ ಪಾತ್ರಕ್ಕೆ ಅಲ್ಲೊಂದು ಬಿಡುಗಡೆಯಿದೆ. 2023ರ ಜೂನ್‌ನಲ್ಲಿ ಬಂದ ‘ದಿ ಫ್ಲ್ಯಾಶ್’ ಚಿತ್ರದ ಕೊನೆಯ ಭಾಗದಲ್ಲಾದರೋ, 2004ರಲ್ಲೇ ತೀರಿಕೊಂಡ ಕ್ರಿಸ್ಟೋಫರ್ ರೀವ್ ಅವರ ಸೂಪರ್‌ಮ್ಯಾನ್ ರೂಪವನ್ನು ಕಂಪ್ಯೂಟರಿನಲ್ಲಿ ಸೃಷ್ಟಿಸಿ ಕೆಲವೇ ಕ್ಷಣ ತೋರಿಸುತ್ತಾರೆ. ಆ ರೂಪ ಕಥೆಯಲ್ಲಿ ಏನನ್ನೂ ಮಾಡುವುದಿಲ್ಲ. ನಾನು ಬಹುವಾಗಿ ಪ್ರೀತಿಸಿದ ನಟ ಅವರು. ಅವರನ್ನು ಹೀಗೆ ಬಳಸಿದ್ದು ನನಗೆ ತೀರಾ ನೋವು ತಂದಿತು. ಈ ಎರಡು ದೃಶ್ಯಗಳ ನಡುವಿನ ವ್ಯತ್ಯಾಸವನ್ನು ಅಭಿಮಾನಿಯಷ್ಟು ಚೆನ್ನಾಗಿ ಬೇರೆಯವರು ವಿವರಿಸಲಾರರು.

ವಿಮರ್ಶೆಯ ಮೊದಲ ಭಾಗದಲ್ಲೇ ‘ಈ ಸರಣಿಯನ್ನು ನಾನು ಮೊದಲಿನಿಂದ ಇಷ್ಟಪಟ್ಟು ನೋಡಿದ್ದೇನೆ’ ಎಂದು ಒಂದು ವಾಕ್ಯ ಬರೆದುಬಿಡಿ. ನಿಮ್ಮ ಮಾತನ್ನು ಎಷ್ಟರಮಟ್ಟಿಗೆ ಒಪ್ಪಬೇಕೆಂಬುದನ್ನು ಓದುಗರು ತೀರ್ಮಾನಿಸಿಕೊಳ್ಳುತ್ತಾರೆ.

ಪ್ರಶ್ನೆ: ರಜೆಯಲ್ಲಿ ಮಕ್ಕಳ ಒತ್ತಾಯಕ್ಕೆ ಮಣಿದು ಸರಣಿ ಚಿತ್ರವೊಂದಕ್ಕೆ ಹೋಗಿದ್ದೆ. ಹಿಂದಿನ ಭಾಗಗಳನ್ನು ನೋಡಿರದ ನನಗೆ ತಲೆಬುಡ ತಿಳಿಯಲಿಲ್ಲ. ಎಲ್ಲವನ್ನೂ ನೋಡಿಕೊಂಡು ಬರುವುದು ಪ್ರೇಕ್ಷಕರ ಹೊಣೆಯೇ? ವಿಮರ್ಶೆ ಬರೆಯುವವರು ಇದನ್ನು ಮೊದಲೇ ಏಕೆ ಹೇಳುವುದಿಲ್ಲ? — ಗೃಹಿಣಿ, ದಾವಣಗೆರೆ

ಉತ್ತರ: ನಿಮ್ಮ ಆಕ್ಷೇಪಣೆ ಸರಿಯಾದದ್ದು. ಟಿಕೆಟ್ ಕೊಂಡು ಕುಳಿತವರಿಗೆ ತನ್ನ ಕಥೆಯನ್ನು ತಿಳಿಯುವಂತೆ ಹೇಳುವುದು ಆಯಾ ಚಿತ್ರದ ಹೊಣೆಯೆಂದೇ ನಾನು ನಂಬಿದ್ದೇನೆ. ಚಿತ್ರದುರ್ಗದ ಕೋಟೆಯಲ್ಲಿ ಚಿತ್ರೀಕರಣಗೊಂಡ 1972ರ ‘ನಾಗರಹಾವು’ ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಆಧರಿಸಿದ್ದು. ಅವುಗಳ ಒಂದು ಪುಟವನ್ನೂ ಓದದವರು ಕೂಡ ರಾಮಾಚಾರಿಯ ಸಿಟ್ಟನ್ನೂ ಚಾಮಯ್ಯ ಮೇಷ್ಟ್ರ ಮಮತೆಯನ್ನೂ ಅರ್ಥಮಾಡಿಕೊಂಡರು, ಏಕೆಂದರೆ ಬೇಕಾದದ್ದೆಲ್ಲವೂ ತೆರೆಯ ಮೇಲೆಯೇ ಇತ್ತು.

ಹಾಲಿವುಡ್‌ನಲ್ಲಿ ಇದನ್ನು ಅಚ್ಚುಕಟ್ಟಾಗಿ ಸಾಧಿಸಿದ್ದು 2022ರ ‘ಟಾಪ್ ಗನ್: ಮ್ಯಾವೆರಿಕ್’. ಯುದ್ಧವಿಮಾನ ಹಾರಿಸುವವರ ಈ ಕಥೆಯ ಮೊದಲ ಚಿತ್ರ ಬಂದದ್ದು 1986ರಲ್ಲಿ, ಅಂದರೆ ನಡುವೆ 36 ವರ್ಷಗಳ ಅಂತರ. ಮೊದಲ ಚಿತ್ರದಲ್ಲಿ ಸತ್ತ ಗೆಳೆಯನ ಮಗ ಈಗ ನಾಯಕನ ಮುಂದೆ ಶಿಷ್ಯನಾಗಿ ಕುಳಿತಿದ್ದಾನೆ, ಅವನಲ್ಲಿ ಸಿಟ್ಟು ಕುದಿಯುತ್ತಿದೆ. ಹಳೆಯದೇನು ನಡೆಯಿತೆಂಬುದು ಆ ಸಿಟ್ಟಿನಿಂದಲೇ ನಮಗೆ ತಿಳಿಯುತ್ತದೆ. ದಾಳಿಯ ಯೋಜನೆಯನ್ನೂ ಚಿತ್ರ ಮೊದಲೇ ಕಲಿಸಿಕೊಡುತ್ತದೆ. ಕ್ಷಿಪಣಿಗಳ ಕಣ್ತಪ್ಪಿಸಲು ಕಣಿವೆಯೊಳಗೆ ತಗ್ಗಿನಲ್ಲಿ ಹಾರಬೇಕು, ಬೆಟ್ಟ ದಾಟಿ ಕೆಳಗಿಳಿದು ಗುರಿಗೆ ಎರಡು ಸಲ ಹೊಡೆಯಬೇಕು, ಕೂಡಲೇ ಎದುರಿನ ಬೆಟ್ಟಕ್ಕೆ ಅಪ್ಪಳಿಸದಂತೆ ನೆಟ್ಟಗೆ ಮೇಲೇರಬೇಕು. ಗುರಿಯನ್ನು ತಲುಪಲು ಸಿಗುವ ಸಮಯ ಎರಡೂವರೆ ನಿಮಿಷ. ಶಿಷ್ಯರು ಅಭ್ಯಾಸದಲ್ಲಿ ಒಂದೊಂದು ಹಂತದಲ್ಲಿ ಸೋಲುವುದನ್ನು ನಾವು ನೋಡಿರುತ್ತೇವೆ. ನಿಜವಾದ ದಾಳಿ ನಡೆಯುವಾಗ ಮುಂದಿನ ತಿರುವಿನಲ್ಲಿ ಎಂಥ ಅಪಾಯವಿದೆಯೆಂಬುದು ಹಿಂದಿನ ಚಿತ್ರದ ಹೆಸರನ್ನೂ ಕೇಳಿರದವರಿಗೂ ಗೊತ್ತಿರುತ್ತದೆ, ಅದಕ್ಕಾಗಿಯೇ ಅವರೂ ಉಸಿರು ಬಿಗಿಹಿಡಿದು ಕೂರುತ್ತಾರೆ.

ಕಥೆಯನ್ನು ಅರ್ಧಕ್ಕೆ ನಿಲ್ಲಿಸುವ ಚಿತ್ರಗಳದ್ದು ಇನ್ನೊಂದು ಸಮಸ್ಯೆ. 2015ರಲ್ಲಿ ‘ಬಾಹುಬಲಿ’ ಒಂದು ಪ್ರಶ್ನೆಯೊಂದಿಗೆ ಮುಗಿದು, 2017ರ ಏಪ್ರಿಲ್‌ವರೆಗೆ ಎಲ್ಲರನ್ನೂ ಕಾಯಿಸಿದ್ದು ನಿಮಗೆ ನೆನಪಿರಬಹುದು. 2023ರ ‘ಸ್ಪೈಡರ್‌ಮ್ಯಾನ್: ಅಕ್ರಾಸ್ ದಿ ಸ್ಪೈಡರ್‌ವರ್ಸ್’ ಕೂಡ ‘ಮುಂದುವರಿಯುವುದು’ ಎಂಬ ಸೂಚನೆಯೊಂದಿಗೆ ನಿಂತುಬಿಡುತ್ತದೆ. ಚಿತ್ರಕಲೆಯ ದೃಷ್ಟಿಯಿಂದ ಅದು ಈಚಿನ ವರ್ಷಗಳ ಅತ್ಯುತ್ತಮ ಅನಿಮೇಷನ್ ಚಿತ್ರಗಳಲ್ಲೊಂದೆಂದು ಹೇಳಲು ನಾನು ಹಿಂಜರಿಯುವುದಿಲ್ಲ. ಆದರೆ ಕಥೆ ಪೂರ್ತಿಯಾಗುವುದಿಲ್ಲವೆಂಬುದನ್ನು ವಿಮರ್ಶೆಯಲ್ಲಿ ಬರೆಯದಿದ್ದರೆ, ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗುವ ನಿಮ್ಮಂಥವರಿಗೆ ಅನ್ಯಾಯವಾಗುತ್ತದೆ.

ಪ್ರಶ್ನೆ: ವಿಮರ್ಶೆಗಳನ್ನು ಒಟ್ಟುಗೂಡಿಸುವ ಜಾಲತಾಣ ರಾಟನ್ ಟೊಮ್ಯಾಟೋಸ್‌ನಲ್ಲಿ ಶೇ. 90 ಬಂದ ಚಿತ್ರ ಶೇ. 75 ಬಂದ ಚಿತ್ರಕ್ಕಿಂತ ಉತ್ತಮವೆಂದು ತಿಳಿಯಬಹುದೇ? — ಹರಿಹರದ ಓದುಗರು

ಉತ್ತರ: ಹಾಗೆ ತಿಳಿಯಲಾಗದು. ಅದು ಚಿತ್ರಕ್ಕೆ ಸಿಕ್ಕ ಅಂಕವಲ್ಲ, ಚಿತ್ರವನ್ನು ಮೆಚ್ಚಿದ ವಿಮರ್ಶಕರ ಪ್ರಮಾಣ. ನೂರು ಜನ ವಿಮರ್ಶಕರೂ ‘ಪರವಾಗಿಲ್ಲ, ಒಮ್ಮೆ ನೋಡಬಹುದು’ ಎಂದು ಐದಕ್ಕೆ ಮೂರು ಕೊಟ್ಟರೆ ಆ ಚಿತ್ರಕ್ಕೆ ಶೇ. 100 ಬರಬಹುದು. ಎಪ್ಪತ್ತೈದು ಜನ ಐದಕ್ಕೆ ಐದು ಕೊಟ್ಟು, ಉಳಿದ ಇಪ್ಪತ್ತೈದು ಜನ ತಿರಸ್ಕರಿಸಿದರೆ ಬರುವುದು ಶೇ. 75. ನನಗಂತೂ ಎರಡನೆಯ ಚಿತ್ರವನ್ನು ನೋಡುವ ಕುತೂಹಲ ಹೆಚ್ಚು.

ಪ್ರಶ್ನೆ: ಸಾಹಸ ದೃಶ್ಯಗಳ ಬಗ್ಗೆ ‘ಮೈನವಿರೇಳಿಸುತ್ತವೆ’, ‘ಗ್ರಾಫಿಕ್ಸ್ ಅದ್ಭುತ’ ಎಂಬುದರಾಚೆಗೆ ಏನು ಬರೆಯಬಹುದು? — ಚಳ್ಳಕೆರೆಯ ಓದುಗರು

ಉತ್ತರ: ಯಾರು ಎಲ್ಲಿದ್ದಾರೆ, ಯಾರಿಂದ ಯಾರಿಗೆ ಅಪಾಯ, ಒಂದು ಹೊಡೆತದಿಂದ ಏನು ಬದಲಾಯಿತು ಎಂಬುದು ನಿಮಗೆ ಕಂಡಿತೇ? ಅಲ್ಲಿಂದ ಆರಂಭಿಸಿ. 2015ರ ಮೇ ತಿಂಗಳಲ್ಲಿ ಬಂದ ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ನಲ್ಲಿ ಓಡುವ ವಾಹನಗಳ ಮೇಲೆ ನೆಟ್ಟ ಉದ್ದನೆಯ ಗಳುಗಳ ತುದಿಯಲ್ಲಿ ತೂಗಾಡುವ ದಾಳಿಕೋರರು ಪಕ್ಕದ ವಾಹನದತ್ತ ಬಾಗಿ ಅಲ್ಲಿದ್ದವರನ್ನು ಎತ್ತಿಕೊಳ್ಳುವ ದೃಶ್ಯವಿದೆ. ಶಾಟ್‌ಗಳು ಒಂದರ ಹಿಂದೆ ಒಂದು ಬಿರುಸಾಗಿ ಬದಲಾದರೂ ನಮಗೆ ಗೊಂದಲವಾಗುವುದಿಲ್ಲ. ನಿರ್ದೇಶಕ ಜಾರ್ಜ್ ಮಿಲ್ಲರ್ ಮತ್ತು ಛಾಯಾಗ್ರಾಹಕ ಜಾನ್ ಸೀಲ್ ಮುಖ್ಯವಾದ ಕ್ರಿಯೆಯನ್ನು ಚೌಕಟ್ಟಿನ ನಡುಭಾಗದಲ್ಲೇ ಇಟ್ಟುಕೊಂಡು ಹೋದದ್ದು ಇದಕ್ಕೆ ಕಾರಣ. ಶಾಟ್ ಬದಲಾದಾಗ ನೋಡುವವರ ಕಣ್ಣು ತೆರೆಯ ಮೂಲೆಗಳಲ್ಲಿ ಹುಡುಕಾಡಬೇಕಾಗುವುದಿಲ್ಲ. ಸಂಕಲನಕ್ಕಾಗಿ ಮಾರ್ಗರೆಟ್ ಸಿಕ್ಸೆಲ್ ಅವರಿಗೆ ಆಸ್ಕರ್ ಬಂತು. ದೃಶ್ಯ ಚೆನ್ನಾಗಿದೆಯೆಂದು ಹತ್ತು ಸಲ ಹೇಳುವುದಕ್ಕಿಂತ ಇಂಥ ಒಂದು ಕುಶಲತೆಯನ್ನು ಗುರುತಿಸಿ ಬರೆಯಿರಿ. ಓದಿದವರು ಮುಂದಿನ ಚಿತ್ರದಲ್ಲಿ ಅದನ್ನು ತಾವೇ ಹುಡುಕತೊಡಗುತ್ತಾರೆ.

ಪ್ರಶ್ನೆ: ಬೆಂಗಳೂರಿನ ವಿಮರ್ಶಕರು ಐಮ್ಯಾಕ್ಸ್ ತೆರೆಯಲ್ಲಿ, ಇಂಗ್ಲಿಷಿನಲ್ಲಿ ನೋಡಿ ಬರೆಯುತ್ತಾರೆ. ದಾವಣಗೆರೆಯಲ್ಲಿ ಸಾಮಾನ್ಯ ತೆರೆಯಲ್ಲಿ, ಕೆಲವೊಮ್ಮೆ ಕನ್ನಡ ಡಬ್ಬಿಂಗ್‌ನಲ್ಲಿ ನೋಡುವ ನಾನು ಬರೆದರೆ ಅದಕ್ಕೆ ಬೆಲೆಯಿದೆಯೇ?

ಉತ್ತರ: ಖಂಡಿತ ಇದೆ, ನಿಮ್ಮ ಊರಿನ ಓದುಗರಿಗಂತೂ ಬೆಂಗಳೂರಿನ ವಿಮರ್ಶೆಗಿಂತ ಅದೇ ಹೆಚ್ಚು ಉಪಯುಕ್ತ. ‘ಅಕ್ರಾಸ್ ದಿ ಸ್ಪೈಡರ್‌ವರ್ಸ್’ ಕನ್ನಡವೂ ಸೇರಿದಂತೆ ಹತ್ತು ಭಾಷೆಗಳಲ್ಲಿ ಭಾರತದಲ್ಲಿ ಬಿಡುಗಡೆಯಾಯಿತು. ಆದರೂ ಕನ್ನಡದ ಧ್ವನಿಗಳು ಪಾತ್ರಗಳಿಗೆ ಹೊಂದಿದವೇ, ಮಾತುಗಳು ಆಡುವವರ ವಯಸ್ಸಿಗೆ ತಕ್ಕಂತಿವೆಯೇ, ಹಾಸ್ಯ ನಗು ಬರಿಸಿತೇ ಎಂದು ಬರೆಯುವವರು ತೀರ ಕಡಿಮೆ. ನೀವು ಯಾವ ಭಾಷೆಯಲ್ಲಿ, 2ಡಿಯಲ್ಲೋ 3ಡಿಯಲ್ಲೋ ನೋಡಿದಿರೆಂಬುದನ್ನು ಮಾತ್ರ ತಪ್ಪದೆ ತಿಳಿಸಿ. 3ಡಿ ಕನ್ನಡಕದಿಂದ ಕಣ್ಣಿಗೆ ತಲುಪುವ ಬೆಳಕು ಬಹಳ ಕಡಿಮೆಯಾಗುತ್ತದೆ. ಪ್ರೊಜೆಕ್ಟರಿನ ದೀಪವೂ ಮಂಕಾಗಿದ್ದರೆ ರಾತ್ರಿಯ ದೃಶ್ಯಗಳು ಮಸಿ ಬಳಿದಂತೆ ಕಾಣುತ್ತವೆ, ಆ ದೋಷವನ್ನು ಛಾಯಾಗ್ರಾಹಕರ ತಲೆಗೆ ಕಟ್ಟಬಾರದು.

ಪ್ರಶ್ನೆ: ಇಂಥ ಚಿತ್ರಗಳೆಲ್ಲ ಮೇ–ಜುಲೈ ನಡುವೆಯೇ ಬರುವುದೇಕೆ? ಮೊದಲ ದಿನವೇ ವಿಮರ್ಶೆ ಬರೆಯದಿದ್ದರೆ ಯಾರೂ ಓದುವುದಿಲ್ಲ ಎನ್ನುತ್ತಾರೆ, ನಿಜವೇ? — ಹೊಳಲ್ಕೆರೆಯ ಓದುಗರು

ಉತ್ತರ: ಎರಡಕ್ಕೂ ಮೂಲ ಒಂದೇ. ಅಮೆರಿಕದ ಶಾಲೆಗಳಿಗೆ ಬೇಸಿಗೆ ರಜೆ ಬರುವುದು ನಮ್ಮಲ್ಲಿ ಶಾಲೆ ಆರಂಭವಾಗಿ ಮಳೆ ಹಿಡಿದುಕೊಳ್ಳುವ ಹೊತ್ತಿಗೆ, ಆ ರಜೆಯನ್ನು ನೋಡಿಕೊಂಡೇ ಈ ಚಿತ್ರಗಳು ಬರುತ್ತವೆ. ಮೊದಲೆಲ್ಲ ಅಲ್ಲಿ ದೊಡ್ಡ ಚಿತ್ರಗಳನ್ನು ಕೆಲವು ಮಹಾನಗರಗಳಲ್ಲಿ ತೆರೆಕಾಣಿಸಿ ನಿಧಾನವಾಗಿ ಉಳಿದ ಊರುಗಳಿಗೆ ಕಳಿಸುವುದು ರೂಢಿಯಾಗಿತ್ತು. 1975ರ ಜೂನ್ 20ರಂದು ಸ್ಟೀವನ್ ಸ್ಪೀಲ್‌ಬರ್ಗ್‌ರ ‘ಜಾಸ್’ ಟಿ.ವಿ. ಜಾಹೀರಾತುಗಳ ಅಬ್ಬರದೊಂದಿಗೆ ಒಮ್ಮೆಗೇ 400ಕ್ಕೂ ಹೆಚ್ಚು ಚಿತ್ರಮಂದಿರಗಳಲ್ಲಿ ಬಿಡುಗಡೆಯಾಗಿ ಭಾರಿ ಯಶಸ್ಸು ಕಂಡಿತು. 1977ರ ಮೇ ತಿಂಗಳಲ್ಲಿ ಆರಂಭವಾದ ‘ಸ್ಟಾರ್ ವಾರ್ಸ್’ ಬೇಸಿಗೆಯಲ್ಲಿ ದೊಡ್ಡ ಚಿತ್ರ ತರುವ ಹಾದಿಯನ್ನು ಗಟ್ಟಿಗೊಳಿಸಿತು. ಮೊದಲ ವಾರಾಂತ್ಯದ ಗಳಿಕೆಯೇ ಎಲ್ಲವೂ ಎಂಬ ಲೆಕ್ಕಾಚಾರ ಬೆಳೆದದ್ದು ಇದರಿಂದಲೇ. ಆ ಲೆಕ್ಕಾಚಾರ ನಿರ್ಮಾಪಕರದ್ದು, ವಿಮರ್ಶಕರು ಅದಕ್ಕೆ ಕಟ್ಟುಬೀಳಬೇಕಾಗಿಲ್ಲ. ಮೊದಲ ದಿನ ಬರೆಯುವುದಾದರೆ ಕಥೆಯ ಗುಟ್ಟುಗಳನ್ನು ಮುಟ್ಟದೆ, ನೋಡಬಹುದೇ ಬೇಡವೇ, ಮಕ್ಕಳನ್ನು ಕರೆದೊಯ್ಯಬಹುದೇ, ಹಿಂದಿನ ಭಾಗ ನೋಡಿರಬೇಕೇ ಎಂಬಷ್ಟನ್ನು ಚಿಕ್ಕದಾಗಿ ತಿಳಿಸಿ. ಎರಡನೆಯ ವಾರದಲ್ಲಿ ಇನ್ನೊಮ್ಮೆ ನೋಡಿ, ಕೊನೆಯ ದೃಶ್ಯದವರೆಗೂ ಬಿಚ್ಚಿ ಚರ್ಚಿಸುವ ದೀರ್ಘ ಲೇಖನವನ್ನು ಬೇರೆಯಾಗಿ ಬರೆಯಿರಿ. ಹಾಗೆ ಬರೆದ ಎರಡನ್ನೂ ಒಟ್ಟಿಗೆ ನನಗೆ ಕಳಿಸಿಕೊಟ್ಟರೆ ಸಂತೋಷದಿಂದ ಓದಿ, ನನ್ನ ಅಭಿಪ್ರಾಯವನ್ನು ಈ ಅಂಕಣದಲ್ಲೇ ತಿಳಿಸುತ್ತೇನೆ.